ಮದ್ದು ಮನೆ ಮುಟ್ಟಿದ ಬಗೆ

ಔಷಧವನ್ನು ಕಂಡುಹಿಡಿದ ಮಾತ್ರಕ್ಕೆ ರೋಗವು ಸೋಲುವುದಿಲ್ಲ. ಪ್ರಯೋಗಶಾಲೆಯಲ್ಲಿ ಹುಟ್ಟಿದ ಮದ್ದು ಕಡಲುಗಳನ್ನು ದಾಟಿ, ಸರಕಾರದ ಉಗ್ರಾಣಗಳನ್ನು ಹಾದು, ಕೊನೆಗೆ ಒಂದು ಮನೆಯ ಹೊಸ್ತಿಲನ್ನು ಮುಟ್ಟಬೇಕು. ಅಲ್ಲಿಗೂ ಅದರ ಪ್ರಯಾಣ ಮುಗಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಅದನ್ನು ರೋಗಿಯ ಬಾಯಿಗೆ ಹಾಕುವ ಕೈಯೊಂದು ಬೇಕು. ರೋಗಿಯು ಎಳೆಯ ಮಗುವಾಗಿದ್ದರಂತೂ ಆ ಕೈ ಔಷಧದಷ್ಟೇ ಮುಖ್ಯವಾದುದು. ಎಚ್.ಐ.ವಿ. ಸೋಂಕು ತಗುಲಿದ ಮಕ್ಕಳ ಚಿಕಿತ್ಸೆಯ ಇತಿಹಾಸವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಹಾವೇರಿ ಜಿಲ್ಲೆಯ ನಕ್ಷೆಯನ್ನು ಎದುರಿಗೆ ಹರಡಿಕೊಂಡು ನೋಡಿದರೆ ಬಡಗಣ ಭಾಗದಲ್ಲಿ ಶಿಗ್ಗಾಂವಿ ಮತ್ತು ಸವಣೂರು, ಪಡುವಣದಲ್ಲಿ ಹಾನಗಲ್, ತೆಂಕಣದ ಅಂಚಿನಲ್ಲಿ ಹಿರೇಕೆರೂರು ಕಾಣುತ್ತವೆ. ಹಾನಗಲ್ಲಿನ ಬತ್ತದ ಗದ್ದೆ, ಸವಣೂರಿನ ಎಲೆಬಳ್ಳಿಯ ತೋಟ ಹೆಸರಾದವು. ಒಕ್ಕಲುತನವನ್ನೇ ನಂಬಿದ ನಾಡು ಇದು. ಇಲ್ಲಿಯ ಕೂಲಿಕಾರ ಹೆಣ್ಣುಮಗಳು ಒಂದು ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿಬರಬೇಕೆಂದರೆ ಆ ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಬಸ್ಸಿನ ಹಣವನ್ನೂ ಹೊಂದಿಸಬೇಕು. ಇಂಥ ಮನೆಯ ಮಗುವಿಗೆ ಬದುಕಿನುದ್ದಕ್ಕೂ ಒಂದು ದಿನವೂ ತಪ್ಪದೆ ಔಷಧ ಬೇಕೆಂದರೆ ಅದು ಹೇಗೆ ಸಾಧ್ಯವಾದೀತು? ಈ ಪ್ರಶ್ನೆಗೆ ಉತ್ತರ ದೊರೆಯಲು ಹಲವು ದೇಶಗಳ ವೈದ್ಯರು ಅನೇಕ ವರ್ಷ ದುಡಿಯಬೇಕಾಯಿತು.

ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳು ದೇಹದ ಕಾವಲುಗಾರರು. ಎಚ್.ಐ.ವಿ. ಎಂಬ ವೈರಾಣುವು ಈ ಕಾವಲುಗಾರರಲ್ಲಿ ಮುಖ್ಯವಾದ ಒಂದು ಬಗೆಯ ಕಣಗಳನ್ನೇ ಹೊಕ್ಕು, ಅವುಗಳೊಳಗೆ ತನ್ನ ಸಂತಾನವನ್ನು ಬೆಳೆಸಿ, ಅವುಗಳನ್ನು ನಾಶಮಾಡುತ್ತದೆ. ಕಾವಲು ಕುಂದಿದಾಗ ಕ್ಷಯ, ನ್ಯುಮೋನಿಯಾ ಮುಂತಾದ ರೋಗಗಳು ದೇಹವನ್ನು ಮುತ್ತುತ್ತವೆ. ಈ ಕೊನೆಯ ಅವಸ್ಥೆಗೆ ಏಡ್ಸ್ ಎಂದು ಹೆಸರು. ಸೋಂಕುಳ್ಳ ತಾಯಿಯಿಂದ ಮಗುವಿಗೆ ವೈರಾಣುವು ಮೂರು ಸಂದರ್ಭಗಳಲ್ಲಿ ದಾಟಬಲ್ಲುದು: ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ, ಮೊಲೆಹಾಲಿನ ಮೂಲಕ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಇಂಥ ತಾಯಂದಿರಿಗೆ ಹುಟ್ಟಿದ ನೂರು ಮಕ್ಕಳಲ್ಲಿ ೧೫ರಿಂದ ೪೫ ಮಕ್ಕಳಿಗೆ ಸೋಂಕು ತಗಲುತ್ತದೆ. ಹಸುಳೆಯ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ರೋಗವು ದೊಡ್ಡವರಲ್ಲಿಗಿಂತ ಬೇಗ ಉಲ್ಬಣಿಸುತ್ತದೆ. ಚಿಕಿತ್ಸೆ ದೊರೆಯದ ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಎರಡನೆಯ ಹುಟ್ಟುಹಬ್ಬವನ್ನು ಕಾಣುವುದಿಲ್ಲ.

ಈ ರೋಗವು ೧೯೮೧ರಲ್ಲಿ ಅಮೆರಿಕದಲ್ಲಿ ಮೊದಲು ಗುರುತಿಸಲ್ಪಟ್ಟಾಗ ಅದು ವಯಸ್ಕರ ರೋಗವೆಂದೇ ವೈದ್ಯರು ಬಗೆದಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಕ್ಕಳ ವೈದ್ಯ ಆರ್ಥರ್ ಅಮ್ಮನ್ ಅವರು ೧೯೮೨ರಲ್ಲಿ, ಇತರರ ರಕ್ತವನ್ನು ಪಡೆದಿದ್ದ ಒಂದು ಶಿಶುವಿನಲ್ಲಿ ಇದೇ ಲಕ್ಷಣಗಳನ್ನು ಕಂಡರು. ಜೇಮ್ಸ್ ಒಲೆಸ್ಕಿ, ಆರ್ಯೆ ರೂಬಿನ್‌ಸ್ಟೈನ್ ಎಂಬ ವೈದ್ಯರೂ ತಮ್ಮ ಆಸ್ಪತ್ರೆಗಳ ಮಕ್ಕಳಲ್ಲಿ ಇದನ್ನು ಗುರುತಿಸಿದರು. ೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಾಣುವೂ ಪತ್ತೆಯಾಯಿತು. ಭಾರತದಲ್ಲಿ ೧೯೮೬ರಲ್ಲಿ ಚೆನ್ನೈಯ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಸೋಂಕಿನ ಇರವನ್ನು ಮೊದಲು ತೋರಿಸಿದರು.

ಬಂದ ಬೆಂಕಿಯನ್ನು ಆರಿಸುವುದಕ್ಕಿಂತ ಬಾರದಂತೆ ತಡೆಯುವುದು ಲೇಸು. ಜಿಡೊವುಡಿನ್ ಎಂಬ ಔಷಧವನ್ನು ಗರ್ಭಿಣಿಯರಿಗೂ ಅವರ ನವಜಾತ ಶಿಶುಗಳಿಗೂ ಕೊಟ್ಟು ಅಮೆರಿಕ ಮತ್ತು ಫ್ರಾನ್ಸ್ ದೇಶಗಳಲ್ಲಿ ಪರೀಕ್ಷಿಸಲಾಯಿತು. ೧೯೯೪ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಔಷಧ ಪಡೆಯದ ಗುಂಪಿನಲ್ಲಿ ನೂರಕ್ಕೆ ಸುಮಾರು ೨೫ ಶಿಶುಗಳಿಗೆ ಸೋಂಕು ತಗುಲಿದ್ದರೆ, ಪಡೆದ ಗುಂಪಿನಲ್ಲಿ ಸುಮಾರು ೮ ಶಿಶುಗಳಿಗೆ ಮಾತ್ರ ತಗುಲಿತ್ತು. ತಾಯಿಯಿಂದ ಮಗುವಿಗೆ ಹರಿಯುವ ಸೋಂಕನ್ನು ತಡೆಯಬಹುದೆಂಬುದು ಹೀಗೆ ಸಿದ್ಧವಾಯಿತು. ಆದರೆ ಆ ಚಿಕಿತ್ಸೆ ದುಬಾರಿಯೂ ದೀರ್ಘವೂ ಆಗಿತ್ತು. ೧೯೯೯ರಲ್ಲಿ ಉಗಾಂಡ ದೇಶದ ಸಂಶೋಧನೆಯೊಂದು, ನೆವಿರಪಿನ್ ಎಂಬ ಅಗ್ಗದ ಔಷಧವನ್ನು ಹೆರಿಗೆಯ ವೇಳೆಯಲ್ಲಿ ತಾಯಿಗೆ ಒಮ್ಮೆ, ಹುಟ್ಟಿದ ಶಿಶುವಿಗೆ ಒಮ್ಮೆ ಕೊಟ್ಟರೂ ಸೋಂಕು ಬಹುಮಟ್ಟಿಗೆ ತಗ್ಗುವುದೆಂದು ತೋರಿಸಿತು. ಬಡ ದೇಶಗಳಿಗೆ ಅದರಿಂದ ಧೈರ್ಯ ಬಂದಿತು.

ಹಾಗಾದರೆ ಈಗಾಗಲೇ ಸೋಂಕು ತಗುಲಿದ ಮಕ್ಕಳ ಗತಿಯೇನು? ಅವರಿಗೆ ಚಿಕಿತ್ಸೆಯನ್ನು ಯಾವಾಗ ಆರಂಭಿಸಬೇಕೆಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. ರೋಗಲಕ್ಷಣಗಳು ಕಾಣುವವರೆಗೆ ಕಾಯುವುದು ವಾಡಿಕೆಯಾಗಿತ್ತು. ದಕ್ಷಿಣ ಆಫ್ರಿಕದ ವೈದ್ಯರಾದ ಏವಿ ವಯೊಲಾರಿ, ಮಾರ್ಕ್ ಕಾಟನ್ ಮತ್ತು ಸಂಗಡಿಗರು ಆರರಿಂದ ಹನ್ನೆರಡು ವಾರಗಳ ಶಿಶುಗಳಲ್ಲಿ ಇದನ್ನು ಪರೀಕ್ಷಿಸಿದರು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಾಯದೆ ಒಡನೆಯೇ ಔಷಧ ಆರಂಭಿಸಿದ ಶಿಶುಗಳಲ್ಲಿ ಸಾವಿನ ಸಂಭವವು ನೂರಕ್ಕೆ ೭೬ರಷ್ಟು ತಗ್ಗಿತ್ತು. ಹಸುಳೆಗಳ ಚಿಕಿತ್ಸೆಯಲ್ಲಿ ತಡಮಾಡುವುದು ಸಾವಿಗೆ ದಾರಿಮಾಡಿಕೊಟ್ಟಂತೆ ಎಂಬುದನ್ನು ಲೋಕವು ಆಗ ಅರಿಯಿತು.

ಶಿಶುವಿನಲ್ಲಿ ಸೋಂಕನ್ನು ಪತ್ತೆಹಚ್ಚುವುದೂ ಸುಲಭವಲ್ಲ. ತಾಯಿಯ ರಕ್ತದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಹದಿನೆಂಟು ತಿಂಗಳವರೆಗೂ ಉಳಿಯಬಹುದಾದ್ದರಿಂದ ಸಾಮಾನ್ಯ ಪರೀಕ್ಷೆಯು ದಾರಿ ತಪ್ಪಿಸುತ್ತದೆ. ಆದುದರಿಂದ ಆರು ವಾರದ ಮಗುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ, ದೂರದ ಪ್ರಯೋಗಶಾಲೆಗೆ ಕಳುಹಿಸಿ, ವೈರಾಣುವನ್ನೇ ನೇರವಾಗಿ ಹುಡುಕುವ ವಿಧಾನವು ಬಳಕೆಗೆ ಬಂದಿತು. ಔಷಧದ ರೂಪವೂ ಬದಲಾಗಬೇಕಾಯಿತು. ಮೊದಲು ದೊಡ್ಡವರ ಗುಳಿಗೆಯನ್ನೇ ಮುರಿದು ಮಕ್ಕಳಿಗೆ ಕೊಡುತ್ತಿದ್ದುದುಂಟು. ಆಗ ಪ್ರಮಾಣವು ತಪ್ಪುತ್ತಿತ್ತು. ದ್ರವರೂಪದ ಕೆಲವು ಔಷಧಗಳು ಬಲು ಕಹಿ. ಅವನ್ನು ತಂಪಿನಲ್ಲಿಯೇ ಇಡಬೇಕು. ತಂಪು ಪೆಟ್ಟಿಗೆಯಿಲ್ಲದ ಹಳ್ಳಿಯ ಮನೆಯಲ್ಲಿ ಅವುಗಳಿಂದೇನು ಪ್ರಯೋಜನ? ನೀರಿನಲ್ಲಿ ಕರಗುವ ಮಕ್ಕಳ ಗುಳಿಗೆಗಳು ಬಂದ ಬಳಿಕ, ಮಗುವಿನ ತೂಕಕ್ಕೆ ತಕ್ಕಷ್ಟನ್ನು ಚಮಚೆಯಲ್ಲಿ ಕದಡಿ ಕುಡಿಸುವುದು ಸಾಧ್ಯವಾಯಿತು.

ಭಾರತ ಸರಕಾರವು ೨೦೦೪ರ ಏಪ್ರಿಲ್ ೧ರಂದು ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ೨೦೦೬ರ ನವೆಂಬರ್‌ನಲ್ಲಿ ಮಕ್ಕಳಿಗಾಗಿಯೇ ರಾಷ್ಟ್ರೀಯ ಕಾರ್ಯಕ್ರಮವನ್ನು ಪ್ರಕಟಿಸಿತು. ಆದರೆ ಔಷಧ ದೊರೆತೊಡನೆ ಮಕ್ಕಳು ಚೇತರಿಸಿಕೊಂಡರೆ? ಈ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಆಗ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಮಕ್ಕಳ ವೈದ್ಯೆ ಡಾ. ಅನಿತಾ ಶೇಟ್ ಒಬ್ಬರು. ದಕ್ಷಿಣ ಭಾರತದ ಚಿಕಿತ್ಸಾಲಯಗಳಿಗೆ ಬರುತ್ತಿದ್ದ ಸೋಂಕಿತ ಮಕ್ಕಳ ಸ್ಥಿತಿಯನ್ನು ಅವರು ಸಂಗಡಿಗರೊಡನೆ ಪರಿಶೀಲಿಸಿ ೨೦೦೯ರಲ್ಲಿ ವರದಿಮಾಡಿದರು. ಆ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರಕ್ತಹೀನತೆಯಿಂದ ಬಳಲುತ್ತಿದ್ದರು; ಅರ್ಧಕ್ಕಿಂತ ಹೆಚ್ಚಿನವರ ತೂಕವು ವಯಸ್ಸಿಗೆ ತಕ್ಕಷ್ಟಿರಲಿಲ್ಲ. ವೈರಾಣುವಿನೊಡನೆ ಹಸಿವೂ ಮಗುವಿನ ವೈರಿಯಾಗಿತ್ತು. ಗುಳಿಗೆಯ ಜೊತೆಗೆ ಪುಷ್ಟಿಕರವಾದ ಅನ್ನವೂ ಬೇಕೆಂಬುದನ್ನು ಈ ಅಧ್ಯಯನವು ಎತ್ತಿ ಹೇಳಿತು.

ಇನ್ನೊಂದು ತೊಡಕು ಔಷಧದ ಕ್ರಮಬದ್ಧತೆಯದು. ದಿನಗಳು ತಪ್ಪಿದರೆ ರಕ್ತದಲ್ಲಿ ಔಷಧದ ಅಂಶ ಕುಗ್ಗಿ, ವೈರಾಣುವು ಅದನ್ನು ಎದುರಿಸುವ ಬಲವನ್ನು ಗಳಿಸಿಕೊಳ್ಳುತ್ತದೆ. ಆಗ ಅದೇ ಮದ್ದು ನಿಷ್ಫಲವಾಗುತ್ತದೆ. ಎಲ್ಲರ ಕೈಗೂ ಬಂದಿರುವ ದೂರವಾಣಿಯಿಂದ ವಾರಕ್ಕೊಮ್ಮೆ ರೋಗಿಗಳನ್ನು ಎಚ್ಚರಿಸಿದರೆ ಹೇಗೆ? ಶೇಟ್ ಅವರೂ ಸಂಗಡಿಗರೂ ದಕ್ಷಿಣ ಭಾರತದಲ್ಲಿ ೬೩೧ ವಯಸ್ಕ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ೨೦೧೪ರಲ್ಲಿ ಪ್ರಕಟವಾದ ಫಲಿತಾಂಶವು ನಿರೀಕ್ಷೆಗೆ ಒಪ್ಪುವಂತಿರಲಿಲ್ಲ. ಯಂತ್ರದ ಕರೆಯಿಂದ ಚಿಕಿತ್ಸೆಯ ಫಲವೇನೂ ಹೆಚ್ಚಿರಲಿಲ್ಲ. ಅವರು ಅದನ್ನು ಮರೆಮಾಡದೆ ಲೋಕದ ಮುಂದಿಟ್ಟರು. ಆಗದುದನ್ನು ಆಗದೆಂದು ಹೇಳುವುದೂ ವಿಜ್ಞಾನಿಯ ಧರ್ಮವೇ ಅಲ್ಲವೆ? ಮುಂದೆ ಚಾಮರಾಜನಗರ ಜಿಲ್ಲೆಯ ೫೫ ಹಳ್ಳಿಗಳಲ್ಲಿ ರಕ್ತಹೀನತೆಯುಳ್ಳ ಸಾಮಾನ್ಯ ಮಕ್ಕಳ ನಡುವೆ ಸಂಶೋಧಕರ ಮತ್ತೊಂದು ತಂಡವು ಬೇರೊಂದು ದಾರಿಯನ್ನು ಹಿಡಿಯಿತು. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಾಯ್ತಂದೆಯರಿಗೆ ತಿಳಿಹೇಳಿದರು. ಅಲ್ಲಿ ಗುಣಮುಖರಾದ ಮಕ್ಕಳ ಪ್ರಮಾಣ ಹೆಚ್ಚಾಗಿತ್ತೆಂಬುದು ೨೦೧೯ರಲ್ಲಿ ಪ್ರಕಟವಾಯಿತು. ಇವೆರಡೂ ಬೇರೆ ಬೇರೆ ರೋಗಗಳ ಅಧ್ಯಯನಗಳೆಂಬುದು ನಿಜ. ಆದರೂ ಮದ್ದಿಗೆ ಮನುಷ್ಯನ ಆಸರೆ ಬೇಕೆಂಬ ಹಳೆಯ ತಿಳಿವನ್ನು ಅವು ಮತ್ತೆ ನೆನಪಿಗೆ ತರುತ್ತವೆ.

ಹಾವೇರಿಯ ಹಳ್ಳಿಗಳಿಗೆ ಮರಳೋಣ. ಇಂದು ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ. ಪರೀಕ್ಷೆಯು ಉಚಿತವಾಗಿ ದೊರೆಯುತ್ತದೆ. ಸೋಂಕು ಕಂಡುಬಂದರೆ ತಾಯಿಗೆ ಬದುಕಿನುದ್ದಕ್ಕೂ ಚಿಕಿತ್ಸೆ ಕೊಡುವ ಪದ್ಧತಿ ೨೦೧೪ರಿಂದ ದೇಶದಲ್ಲಿ ಜಾರಿಯಲ್ಲಿದೆ. ಹುಟ್ಟಿದ ಮಗುವಿಗೂ ಕೆಲವು ವಾರ ಔಷಧ ಕೊಡುತ್ತಾರೆ. ಚಿಕಿತ್ಸೆ ಸರಿಯಾಗಿ ನಡೆದರೆ ಮಗುವಿಗೆ ಸೋಂಕು ದಾಟುವ ಸಂಭವವು ನೂರಕ್ಕೆ ಐದಕ್ಕಿಂತ ಕಡಿಮೆ. ಸೋಂಕು ತಗುಲಿದ ಮಗುವೂ ನಿಯಮದಿಂದ ಔಷಧ ಸೇವಿಸಿದರೆ ಓದಿ, ಆಡಿ, ದುಡಿದು, ಮನೆವಾರ್ತೆ ನಡೆಸುವಷ್ಟು ದೀರ್ಘಕಾಲ ಬಾಳಬಲ್ಲುದು. ಆದರೆ ರೋಗವನ್ನು ಪೂರ್ತಿಯಾಗಿ ನಿವಾರಿಸಿ ಎಲ್ಲರಿಗೂ ಒದಗಬಲ್ಲ ಮದ್ದು ಇನ್ನೂ ದೊರೆತಿಲ್ಲ.

ಇಷ್ಟೆಲ್ಲ ಇದ್ದರೂ ಒಂದು ಅಡ್ಡಿ ಉಳಿದಿದೆ. ಅದು ಜನರ ಅಂಜಿಕೆ. ನೆರೆಯವರು ಕಂಡಾರೆಂದು ಗುಳಿಗೆಯ ಡಬ್ಬಿಯನ್ನು ಬಚ್ಚಿಡುವ ಮನೆಯಲ್ಲಿ ಹೊತ್ತು ತಪ್ಪುವುದು ಸಹಜ. ಮುಟ್ಟಿದರೆ, ಒಂದೇ ಬೆಂಚಿನಲ್ಲಿ ಕುಳಿತರೆ, ಒಂದೇ ತಟ್ಟೆಯಲ್ಲಿ ಉಂಡರೆ ಈ ಸೋಂಕು ತಗಲುವುದಿಲ್ಲ. ಸೋಂಕಿನ ಕಾರಣಕ್ಕೆ ಶಾಲೆಯಲ್ಲಿ ಭೇದವೆಣಿಸುವುದನ್ನು ೨೦೧೭ರ ಕೇಂದ್ರದ ಕಾಯಿದೆಯು ನಿಷೇಧಿಸಿದೆ. ಆದರೆ ಕಾಯಿದೆಯು ಬಾಗಿಲನ್ನು ತೆರೆಸಬಲ್ಲುದೇ ಹೊರತು ಎದೆಯನ್ನು ತೆರೆಸಲಾರದು.

ಶಿಗ್ಗಾಂವಿ ತಾಲೂಕಿನ ಬಾಡವು ಕನಕದಾಸರ ಹುಟ್ಟೂರು. ಶಿಶುನಾಳವು ಷರೀಫರ ನೆಲೆ. ಹಿರೇಕೆರೂರು ತಾಲೂಕಿನ ಅಬಲೂರು ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡಿದೆ. ಹುಟ್ಟಿನಿಂದ ಮನುಷ್ಯನನ್ನು ಕೀಳೆಂದು ಎಣಿಸಬಾರದೆಂದು ಸಾರಿದವರ ನಾಡು ಇದು. ತಾನು ಮಾಡದ ತಪ್ಪಿಗಾಗಿ, ಹುಟ್ಟುವಾಗಲೇ ಸೋಂಕನ್ನು ಪಡೆದುಬಂದ ಮಗುವನ್ನು ಈ ನಾಡು ದೂರವಿಡಬಹುದೆ? ಜಗತ್ತಿನ ವಿಜ್ಞಾನಿಗಳು ಮದ್ದನ್ನು ಮನೆಯ ಹೊಸ್ತಿಲವರೆಗೆ ತಂದು ಮುಟ್ಟಿಸಿದ್ದಾರೆ. ಮುಂದಿನ ಹೆಜ್ಜೆ ಮನೆಯವರದು, ನೆರೆಹೊರೆಯವರದು, ಆ ಮಗುವಿನ ಪಕ್ಕದಲ್ಲಿ ಕುಳಿತು ಓದುವ ಸಹಪಾಠಿಯದು.