ಕಾರ್ಖಾನೆಗೆ ಪೂರ್ತಿ ಬಿಡುಗಡೆ, ಗೊಬ್ಬರಕ್ಕೆ ಅರ್ಧ

ಮೇಡ್ಲೇರಿಯ ರೈತರು ಪಿ.ವಿ. ನರಸಿಂಹ ರಾಯರನ್ನು ನೆನೆಯಬೇಕಾದ ಕಾಲ ಮುಂಗಾರು. ರಾಣೆಬೆನ್ನೂರಿನ ಗೊಬ್ಬರದ ಅಂಗಡಿ ಮುಂದೆ ಪಾಳಿ ಹಚ್ಚುವ ಹೊತ್ತು.

1991ರ ಜೂನ್‌ನಲ್ಲಿ ರಾಯರು ಪ್ರಧಾನಿಯಾದಾಗ ಬೊಕ್ಕಸದಲ್ಲಿ ಡಾಲರ್ ಇರಲಿಲ್ಲ. ಚಿನ್ನ ಅಡಮಾನಕ್ಕೆ ಹೋಯಿತು. ಜುಲೈ ಮೊದಲ ವಾರದಲ್ಲೇ ರೂಪಾಯಿ ಎರಡು ಸಲ ಅಪಮೌಲ್ಯಗೊಂಡಿತು. ಜುಲೈ 24ರಂದು ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್ ಎಲ್ಲರಿಗೂ ನೆನಪಿದೆ. ಅದೇ ದಿನ, ಬಜೆಟ್‌ಗೂ ಮೊದಲು, ರಾಜ್ಯ ಸಚಿವ ಪಿ.ಜೆ. ಕುರಿಯನ್ ಸದನದ ಮುಂದಿಟ್ಟ ಕೈಗಾರಿಕಾ ನೀತಿ ಮಾತ್ರ ಅಷ್ಟಾಗಿ ನೆನಪಿಲ್ಲ. 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆಲ್ಲ ಲೈಸೆನ್ಸ್ ರದ್ದು ಮಾಡಿದ್ದು ಅದೇ. ಕೈಗಾರಿಕಾ ಖಾತೆ ಇದ್ದದ್ದು ಸ್ವತಃ ಪ್ರಧಾನಿಯ ಬಳಿ. ದೊಡ್ಡ ಮಾತಾಡದೆ ದೊಡ್ಡ ಕೆಲಸ ಮುಗಿಸುವುದು ರಾಯರ ರೀತಿ.

ಹೊಲದ ವಿಷಯಕ್ಕೆ ಬಂದಾಗ ಆ ಧೈರ್ಯ ಕುಂಟಿತು. ಅದೇ ಬಜೆಟ್‌ನಲ್ಲಿ ಗೊಬ್ಬರದ ಬೆಲೆಯನ್ನು ಶೇ 40ರಷ್ಟು ಏರಿಸಿದ ಸರ್ಕಾರ, ಸಂಸತ್ತಿನಲ್ಲಿ ಗದ್ದಲವೆದ್ದ ಮೇಲೆ ಶೇ 30ಕ್ಕೆ ಇಳಿಯಿತು. ಬಹುಮತವೇ ಇಲ್ಲದವರು ಇನ್ನೇನು ಮಾಡಿಯಾರು? 1992ರ ಆಗಸ್ಟ್‌ನಲ್ಲಿ ಇನ್ನೊಂದು ಹೆಜ್ಜೆ: ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಸಾರಜನಕ ಕೊಡುವ ಯೂರಿಯಾವನ್ನು ಬಿಡಲಿಲ್ಲ, ಬದಲಿಗೆ ಟನ್ನಿಗೆ 3,060 ರೂಪಾಯಿ ಇದ್ದದ್ದನ್ನು 2,760ಕ್ಕೆ ಇಳಿಸಿದರು.

ಒಂದರ ಬೆಲೆ ಏರಿತು, ಮತ್ತೊಂದರದು ಇಳಿಯಿತು. ರೈತ ಯಾವುದನ್ನು ಹೆಚ್ಚು ಚೆಲ್ಲುತ್ತಾನೆ ಎಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆಯ ಅನುಪಾತ 1991-92ರಲ್ಲಿ 5.9:2.4:1 ಇದ್ದದ್ದು ಒಂದೇ ವರ್ಷದಲ್ಲಿ 9.5:3.2:1 ಆಯಿತು. ಬೆಳೆ ಹಸಿರಾಗಿ ಕಂಡಿತು, ಮಣ್ಣು ಸೊರಗಿತು. ಮಾರುಕಟ್ಟೆಗೆ ಬಿಟ್ಟ ಗೊಬ್ಬರಗಳಿಗೂ ಸರ್ಕಾರ ಬೇಗನೆ ರಿಯಾಯಿತಿ ಕೊಡಬೇಕಾಯಿತು.

ಬೀಜದಲ್ಲಿ ಕತೆ ಬೇರೆ. ವಿದೇಶಿ ಕಂಪನಿಗಳಿಗೆ ಬಾಗಿಲು ತೆರೆದದ್ದೇ ತಡ, ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟಿತು. ಆದರೂ ಬೀಜ ಕಂಪನಿಗಳು ಬೆಳೆದವು. ರಾಣೆಬೆನ್ನೂರು ಸೀಮೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಹೂವಿಗೆ ಹೂವು ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವುದು ಇಂದು ದೊಡ್ಡ ದಂಧೆ.

ಅರ್ಧ ಬಿಟ್ಟು ಅರ್ಧ ಹಿಡಿದ ವ್ಯವಸ್ಥೆಯಲ್ಲಿ ಗೊಬ್ಬರ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಸರ್ಕಾರದ ಹಂಚಿಕೆಗೇ ಅಂಟಿಕೊಂಡು ಉಳಿಯಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಅದರ ಹೊಣೆಯನ್ನು ರಾಯರ ತಲೆಗೆ ಕಟ್ಟುವುದು ಅನ್ಯಾಯ. ಅವರ ನಂತರ ಬಂದ ಯಾವ ಪ್ರಧಾನಿಯೂ ಯೂರಿಯಾವನ್ನು ಮಾರುಕಟ್ಟೆಗೆ ಬಿಟ್ಟಿಲ್ಲ. ಅದರ ಚೀಲದ ಬೆಲೆ ಇಂದಿಗೂ ದೆಹಲಿಯಲ್ಲೇ ನಿಗದಿಯಾಗುತ್ತದೆ.