ಬರ್ರಿ ಅಂದವರು, ನೋಡೋಣ ಅಂದವರು

ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯ ಬೇಕೆಂದು ಆ ಕಡೆಯ ರಾಜಕಾರಣಿಯೊಬ್ಬರು ಹೇಳಿಕೆ ಕೊಟ್ಟರೆ ಸಾಕು, ಮಾರನೆಯ ದಿನ ತಿಪಟೂರಿನಲ್ಲಿ ಎಲ್ಲಿ ಕಿವಿಗೊಟ್ಟರೂ ಒಂದೇ ಮಾತು: "ಅವ್ರಿಗೆ ನಾವೇನು ಕಮ್ಮಿ ಮಾಡಿದ್ದೀವಿ?" ಕೊಬ್ಬರಿ ಮಾರಲು ಬಂದ ರೈತರು, ದಲ್ಲಾಳಿಗಳು, ನನ್ನ ಜೊತೆ ಪಾಠ ಹೇಳಿ ನಿವೃತ್ತರಾದವರು, ಎಲ್ಲರೂ ಇದನ್ನು ಮನಸ್ಸಿನಿಂದಲೇ ಕೇಳುತ್ತಾರೆ. ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನವಳು. ಇತಿಹಾಸದ ಉಪನ್ಯಾಸಕಿಯಾಗಿ ಮೊದಲ ಕೆಲಸ ಸಿಕ್ಕಿದ್ದು ಗದಗ ಕಡೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅಲ್ಲಿಯೇ.

ಬಾಡಿಗೆ ಮನೆಯ ಅಜ್ಜ ಹರೆಯದಲ್ಲಿ ಏಕೀಕರಣದ ಮೆರವಣಿಗೆಗಳಲ್ಲಿ ಓಡಾಡಿದವರು. ಒಂದು ರಾಜ್ಯೋತ್ಸವದ ಸಂಜೆ ಕಟ್ಟೆಯ ಮೇಲೆ ಕೂತು ಅಂದರು: "ನಾವು ಬರ್ರಿ, ಕೂಡೂಣು ಅಂದ್ವಿ ಅಕ್ಕಾರ. ನಿಮ್ಮ ಮೈಸೂರವ್ರು ನೋಡೂಣು ಅಂದ್ರು."

"ಅದು ಮೂವತ್ತು ವರ್ಷದ ಹಿಂದಿನ ಮಾತಲ್ವಾ ಅಜ್ಜಾ?"

"ಕೂಡಿದ ಮ್ಯಾಲೂ ರಾಜ್ಯದ ಹೆಸರು ಮೈಸೂರು ಅಂತನ ಇತ್ತಲ್ರೀ. ಹದಿನೇಳು ವರ್ಷ!"

ಅವರ ಲೆಕ್ಕ ಸರಿಯಾಗಿತ್ತು. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು. ನಮ್ಮೂರಿನಲ್ಲಿ ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹೆಸರು ನಮ್ಮದೇ ಇತ್ತಲ್ಲ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಅವನ ರಾಜ್ಯವನ್ನು ಹಂಚಲು ಒಂದು ಆಯೋಗ ಕೂತಿತು. ಅದರ ಕಾರ್ಯದರ್ಶಿಗಳಾಗಿದ್ದ ಥಾಮಸ್ ಮನ್ರೋ, ಜಾನ್ ಮಾಲ್ಕಂ ಇಬ್ಬರೂ ಸ್ಕಾಟ್ಲೆಂಡಿನವರು. ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಅಲ್ಲಿಯವನೇ. ಇಂಗ್ಲೆಂಡಿನ ಜೊತೆ ಅರೆಮನಸ್ಸಿನಿಂದ ಕೂಡಿಕೊಂಡ ನಾಡಿನ ಮಕ್ಕಳು ಇಲ್ಲಿಗೆ ಬಂದು ನಮ್ಮ ನೆಲಕ್ಕೆ ಗೆರೆ ಎಳೆದರಲ್ಲ ಎಂದು ತರಗತಿಯಲ್ಲಿ ಈ ಪಾಠಕ್ಕೆ ಬಂದಾಗಲೆಲ್ಲ ನನಗೆ ಅನ್ನಿಸುತ್ತಿತ್ತು.

ಅವರ ಕೂಡಿಕೆಯ ಕತೆಯೂ ನಮಗೆ ಬೇಕಾದದ್ದೇ. ಪನಾಮಾದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ಹಣ ಕಳೆದುಕೊಂಡ ಸ್ಕಾಟ್ಲೆಂಡ್ 1707ರಲ್ಲಿ ತನ್ನ ಪಾರ್ಲಿಮೆಂಟನ್ನು ಬಿಟ್ಟುಕೊಟ್ಟು ಇಂಗ್ಲೆಂಡಿನೊಡನೆ ಒಂದಾಯಿತು. ಆದರೂ ತನ್ನ ಚರ್ಚು, ತನ್ನ ಕಾನೂನು, ತನ್ನ ನ್ಯಾಯಾಲಯಗಳನ್ನು ಉಳಿಸಿಕೊಂಡಿತು. ಒಂದಾದ ದೇಶಕ್ಕೆ 'ಇಂಗ್ಲೆಂಡ್' ಎಂಬ ಹೆಸರನ್ನೂ ಇಡಲಿಲ್ಲ, 'ಗ್ರೇಟ್ ಬ್ರಿಟನ್' ಎಂದು ಇಟ್ಟರು. ಇಷ್ಟಾದರೂ 2014ರ ಜನಮತದಲ್ಲಿ ನೂರಕ್ಕೆ ಸುಮಾರು 45 ಮಂದಿ ಬೇರೆಯಾಗುವ ಪರ ಮತ ಹಾಕಿದರು. ಹೆಸರಿನ ವಿಷಯದಲ್ಲಿ ಅಲ್ಲಿ ತೋರಿದ ಎಚ್ಚರವನ್ನು ನಾವು ನಮ್ಮ ಮಾತೇ ಆಡುವ ಜನರಿಗೂ ತೋರಲಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಬಳ್ಳಾರಿ, ಮಂಗಳೂರು ಮದರಾಸಿನ ಪಾಲಾದವು. ಬೀದರ, ಕಲಬುರಗಿ, ರಾಯಚೂರು ನಿಜಾಮನವು. ಕೊಡಗಿನ ದಾರಿಯೇ ಬೇರೆ. ನಮ್ಮ ತಿಪಟೂರು, ತುರುವೇಕೆರೆ ಮೈಸೂರಿನಲ್ಲಿ ಉಳಿದವು. ತಿಪಟೂರಿನಲ್ಲಿ ರೈಲು ಹತ್ತಿದರೆ ಹರಿಹರದವರೆಗೆ ಮೈಸೂರು. ತುಂಗಭದ್ರೆಯ ಸೇತುವೆ ದಾಟಿದೊಡನೆ ಮುಂಬಯಿ ಪ್ರಾಂತ. ಎರಡೂ ದಡದಲ್ಲಿ ಕನ್ನಡವೇ.

ಆದರೆ ಎರಡು ದಡದ ಬದುಕು ಒಂದೇ ಆಗಿರಲಿಲ್ಲ. ಮೈಸೂರಿನಲ್ಲಿ 1881ಕ್ಕೇ ಪ್ರಜಾಪ್ರತಿನಿಧಿ ಸಭೆ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್, 1916ರಲ್ಲಿ ವಿಶ್ವವಿದ್ಯಾಲಯ, ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಆ ಕಡೆ ಮರಾಠಿಯ ನಡುವೆ ಕನ್ನಡ ಉಸಿರಾಡಲಿ ಎಂದು ಧಾರವಾಡದವರು 1890ರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಬೇಕಾಯಿತು. ಆಲೂರು ವೆಂಕಟರಾಯರು ಆಯುಷ್ಯವನ್ನೇ ಸವೆಸಿದರು. ನಮಗೆ ಭಾಷೆ ಮನೆಯ ಹಿತ್ತಿಲಿನಲ್ಲಿದ್ದ ತೆಂಗು, ಅವರಿಗೆ ಹೊತ್ತು ತಂದ ನೀರು ಎರೆದು ಉಳಿಸಿಕೊಂಡ ಸಸಿ.

1953ರಲ್ಲಿ ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಅದೇ ವರ್ಷ ಬಳ್ಳಾರಿಯಲ್ಲಿ ಪಿಂಜಾರ ರಂಜಾನ್ ಸಾಬ್ ಪ್ರಾಣವನ್ನೇ ಕೊಟ್ಟರು. ಆಗ ಮೈಸೂರಿನ ಅನೇಕ ಮುಖಂಡರು ಹಿಂದೇಟು ಹಾಕುತ್ತಿದ್ದರು. ಹಿಂದುಳಿದ ಜಿಲ್ಲೆಗಳಿಗೆ ನಮ್ಮ ಬೊಕ್ಕಸ ಬರಿದಾಗುತ್ತದೆ ಎಂಬ ಭಯ ಒಂದು ಕಡೆ, ಜಾತಿಗಳ ಬಲಾಬಲ ಬದಲಾಗುತ್ತದೆ ಎಂಬ ಲೆಕ್ಕ ಇನ್ನೊಂದು ಕಡೆ. ಈ ಅಳುಕು ರಾಜ್ಯಗಳ ಪುನರ್ವಿಂಗಡಣೆಗಾಗಿ ಕೂತ ಫಜಲ್ ಅಲಿ ಆಯೋಗದ 1955ರ ವರದಿಯಲ್ಲೂ ದಾಖಲಾಗಿದೆ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ವಿರೋಧ ಕಟ್ಟಿಕೊಂಡೇ ಏಕೀಕರಣದ ಪರ ನಿಂತರು. ಕುವೆಂಪು ನಿಂತರು. ಅವರಿಗೆ ನಾನು ಎಂದೆಂದಿಗೂ ಋಣಿ.

ನಮ್ಮ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರನ್ನೂ ಇಲ್ಲಿ ನೆನೆಯಬೇಕು. 'ಭಾರತೀಯ ಕಾವ್ಯಮೀಮಾಂಸೆ' ಬರೆದ ಆ ವಿದ್ವಾಂಸರು 1950ರ ದಶಕದಲ್ಲಿ ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರಿಗಿಂತ ಮೊದಲೇ ಬಿ.ಎಂ.ಶ್ರೀ ಅಲ್ಲಿ ಕಾಲೇಜೊಂದರ ಪ್ರಿನ್ಸಿಪಾಲರಾಗಿ ದುಡಿದಿದ್ದರು. ರಾಜಕಾರಣಿಗಳು ಗಡಿಯ ಲೆಕ್ಕ ಹಾಕುತ್ತಿದ್ದಾಗ ಮೇಷ್ಟ್ರುಗಳು ಗಡಿ ದಾಟಿ ಆಗಿತ್ತು.

ಈಗ ನೀರಿಗೆ ಬರುತ್ತೇನೆ. ಹೇಮಾವತಿ ನೀರನ್ನು ಲಿಂಕ್ ಕೆನಾಲಿನಲ್ಲಿ ಕುಣಿಗಲ್, ಮಾಗಡಿ ಕಡೆಗೆ ಒಯ್ಯುವ ಯೋಜನೆ ಬಂದಾಗ ನಮ್ಮ ಜಿಲ್ಲೆ ಬೀದಿಗಿಳಿಯಿತು. "ನಮ್ಮ ಪಾಲಿನ ನೀರನ್ನ ಯಾರೋ ಎಲ್ಲೋ ಕೂತು ತೀರ್ಮಾನ ಮಾಡ್ತಾರೆ" ಎಂದು ನಮ್ಮ ತೋಟದ ಪಕ್ಕದವರು ಗಂಟಲು ಹರಿಯುವಂತೆ ಕೂಗಿದರು. 2015ರಲ್ಲಿ ಮಹದಾಯಿ ನೀರಿಗಾಗಿ ನರಗುಂದದ ರೈತರು ಧರಣಿ ಕೂತಾಗ ಆಡಿದ್ದೂ ಇಂಥದೇ ಮಾತು. ಬೆಂಗಳೂರಿನ ಹತ್ತಿರವೇ ಇರುವ ನಮಗೆ ಇಷ್ಟು ಉರಿಯುವುದಾದರೆ ಕಲಬುರಗಿ, ಬೀದರದವರಿಗೆ ಎಷ್ಟಿರಬೇಡ?

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ತೆರೆಯಿತು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿಯಡಿ ವಿಶೇಷ ಸ್ಥಾನ ಬಂತು. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಅದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು. ಆ ಅಜ್ಜನ ನೋವಿಗೆ ಇದಕ್ಕಿಂತ ಪುರಾವೆ ಬೇಕಿಲ್ಲ. ಆದರೆ ಒಟ್ಟು 114ರಲ್ಲಿ 55 ದಕ್ಷಿಣದವು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಇದನ್ನು ನಮ್ಮವರು ಓದಿಲ್ಲ. ಓದಿದ್ದರೆ "ಅವರು", "ನಾವು" ಎಂಬ ಗೆರೆ ಇಷ್ಟು ದಪ್ಪವಾಗುತ್ತಿರಲಿಲ್ಲ.

ನನ್ನ ಸೀಮೆಯ ಮೇಷ್ಟ್ರುಗಳಲ್ಲಿ, ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಬರುವ ನವೆಂಬರ್ 1ರಂದು ಮಕ್ಕಳಿಗೆ ಅದರಗುಂಚಿಯ ಉಪವಾಸದ ಕತೆ ಹೇಳಿ, ರಂಜಾನ್ ಸಾಬ್ ಹೆಸರು ಹೇಳಿ. ನಮ್ಮ ಹಿರಿಯರು ಹಿಂದೇಟು ಹಾಕಿದ್ದನ್ನೂ ಮುಚ್ಚಿಡದೆ ಹೇಳಿ. ಪ್ರಾದೇಶಿಕ ಅಸಮಾನತೆ ತೊಲಗಲಿ ಎಂಬ ಕೂಗು ಧಾರವಾಡ, ಕಲಬುರಗಿಗಳಿಂದ ಮಾತ್ರ ಏಳುವುದು ಬೇಡ, ತಿಪಟೂರಿನಿಂದಲೂ ತುರುವೇಕೆರೆಯಿಂದಲೂ ಏಳಲಿ.