ಚಿಕ್ಕ ಕಾರಿನ ಹೊಸ ಮುಖ

ಮನೆಯ ಮುಂಬಾಗಿಲನ್ನು ತೆಗೆಸಿ ಹೊಸದನ್ನು ಇಡಿಸಿದ ಯಜಮಾನನಿಗೆ ಒಂದು ಅನುಭವವು ತಪ್ಪದೆ ಆಗುತ್ತದೆ. ಬಡಗಿಯು ಎಷ್ಟೇ ನಯವಾಗಿ ಕೆಲಸಮಾಡಿರಲಿ, ಮರವು ಎಷ್ಟೇ ಒಳ್ಳೆಯದಿರಲಿ, ಬಂದು ಹೋಗುವ ನಂಟರೆಲ್ಲರೂ ಹಳೆಯ ಬಾಗಿಲಿನ ಗುಣಗಾನವನ್ನೇ ಮಾಡುತ್ತಾರೆ. ಆ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚಲಾರದೆ ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದ ಸಂಗತಿಯು ಆಗ ಯಾರ ನೆನಪಿಗೂ ಬರುವುದಿಲ್ಲ. ಮೋಟಾರು ಕಾರುಗಳನ್ನು ಪ್ರೀತಿಸುವವರ ಪ್ರಪಂಚದಲ್ಲಿಯೂ ಇದೇ ನಡೆಯುವುದುಂಟು. ಜಪಾನಿನ ಹಿರೋಷಿಮಾ ನಗರದ ಮಾಜ್ದಾ ಕಾರ್ಖಾನೆಯವರು ಕಟ್ಟುವ ಒಂದು ಚಿಕ್ಕ ಕಾರಿನ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಕಾರಿನಲ್ಲಿ ಆಸಕ್ತಿಯಿಲ್ಲದ ವಾಚಕರಿಗೂ ಇದು ಬೇಸರ ತರಲಾರದೆಂದು ನಂಬಿದ್ದೇನೆ.

ಸ್ಪೋರ್ಟ್ಸ್ ಕಾರು ಎಂದರೇನೆಂಬುದನ್ನು ಮೊದಲು ಹೇಳಬೇಕು. ಹೆಂಡತಿ ಮಕ್ಕಳೊಡನೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುವುದಕ್ಕೆ ಇದು ಸರ್ವಥಾ ಬಾರದು. ಇದರಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಮೇಲೆ ಬಟ್ಟೆಯ ಮುಸುಕು. ಬಿಸಿಲು ಹಿತವಾಗಿದ್ದರೆ ಅದನ್ನು ಹಿಂದಕ್ಕೆ ಮಡಚಬಹುದು. ಓಡಿಸುವ ಸಂತೋಷಕ್ಕಾಗಿಯೇ ಇದನ್ನು ಕೊಳ್ಳತಕ್ಕದ್ದು. ಬೆಟ್ಟದ ತಿರುವುಗಳಲ್ಲಿ ಚಕ್ರವನ್ನು ಹಿಡಿದವನ ಮನಸ್ಸಿಗೆ ತೋರಿದುದನ್ನು ಕಾರು ತಕ್ಷಣ ಮಾಡಬೇಕು. ಈ ಗುಣಕ್ಕೆ ಜಪಾನೀಯರು ‘ಜಿಂಬಾ ಇತ್ತಾಯಿ’ ಎನ್ನುತ್ತಾರೆ. ಸವಾರನೂ ಕುದುರೆಯೂ ಒಂದೇ ದೇಹವಾಗಿರುವುದು ಎಂದು ಅದರ ಅರ್ಥ. ಇದಕ್ಕೆ ಭಾರೀ ಯಂತ್ರವು ಬೇಕಾಗಿಲ್ಲ, ಕಾರು ಹಗುರವಾಗಿರಬೇಕು. ಈ ‘ಹಗುರ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದಿನ ಜಗಳವೆಲ್ಲವೂ ಅದರ ಸುತ್ತಲೇ ಇದೆ.

ಇಂತಹ ಕಾರುಗಳನ್ನು ಕಟ್ಟುವುದರಲ್ಲಿ ಆಂಗ್ಲೇಯರು ಒಂದು ಕಾಲಕ್ಕೆ ನಿಷ್ಣಾತರಾಗಿದ್ದರು. ಎಂ.ಜಿ., ಟ್ರಯಂಫ್, ಲೋಟಸ್ ಎಂಬ ಹೆಸರುಗಳು ಸಮುದ್ರದಾಚೆ ಅಮೆರಿಕೆಯಲ್ಲಿಯೂ ಮನೆಮಾತಾಗಿದ್ದವು. ಎಣ್ಣೆಯನ್ನು ನೆಲದ ಮೇಲೆ ತೊಟ್ಟಿಕ್ಕುವುದರಲ್ಲಿ, ಮಳೆ ಬಂದೊಡನೆ ಒಳಗಿದ್ದವರನ್ನು ನೆನೆಸುವುದರಲ್ಲಿ ಆ ಕಾರುಗಳು ಹೆಸರುವಾಸಿಯಾಗಿದ್ದರೂ ಜನರು ಅವನ್ನು ಮುದ್ದಿಸುತ್ತಿದ್ದರು. 1980 ರಲ್ಲಿ ಎಂ.ಜಿ.ಬಿ. ಎಂಬ ಕಾರಿನ ತಯಾರಿಕೆಯು ನಿಂತುಹೋಯಿತು. ಆ ಜಾತಿಯೇ ಮುಗಿಯಿತೆಂದು ಎಲ್ಲರೂ ಎಣಿಸಿದರು.

ಅದಕ್ಕೆ ಒಂದು ವರ್ಷ ಮುಂಚಿತವಾಗಿ, 1979 ರಲ್ಲಿ, ಬಾಬ್ ಹಾಲ್ ಎಂಬ ಅಮೆರಿಕೆಯ ಪತ್ರಕರ್ತನು ಮಾಜ್ದಾ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕೆನಿಚಿ ಯಾಮಾಮೊಟೊ ಅವರನ್ನು ಕಂಡನು. ಮುಂದೆ ಯಾವ ಬಗೆಯ ಕಾರು ಬೇಕೆಂಬ ಮಾತು ಬಂದಾಗ, ಹಿಂದಿನ ಆಂಗ್ಲ ಕಾರುಗಳಂತೆ ಸರಳವೂ ಹಗುರವೂ ಸುಲಭಬೆಲೆಯದೂ ಆದ ತೆರೆದ ಕಾರನ್ನು ಕಟ್ಟಿರೆಂದು ಹಾಲನು ಹೇಳಿ, ಕರಿಹಲಗೆಯ ಮೇಲೆ ಅದರ ಆಕಾರವನ್ನು ಗೀಚಿ ತೋರಿಸಿದನು. ಪತ್ರಕರ್ತರ ಸಲಹೆಯನ್ನು ಯಂತ್ರಶಾಸ್ತ್ರಜ್ಞರು ಕೇಳುವುದು ಅಪರೂಪ. ಯಾಮಾಮೊಟೊ ಅವರು ಮರೆಯಲಿಲ್ಲ. ಎರಡು ವರ್ಷಗಳಲ್ಲಿ ಹಾಲನು ಅದೇ ಸಂಸ್ಥೆಯ ಕ್ಯಾಲಿಫೋರ್ನಿಯಾ ಶಾಖೆಯ ನೌಕರನಾದನು. ಜಪಾನಿನ ಚಿತ್ರಕಾರರಿಗೂ ಕ್ಯಾಲಿಫೋರ್ನಿಯಾದವರಿಗೂ ಸ್ಪರ್ಧೆಯನ್ನೇರ್ಪಡಿಸಲಾಯಿತು. ಯಂತ್ರವು ಮುಂದಿದ್ದು ಹಿಂದಿನ ಗಾಲಿಗಳು ತಳ್ಳಬೇಕೆಂಬ ಹಳೆಯ ಪದ್ಧತಿಯನ್ನೇ ಹಿಡಿದ ಕ್ಯಾಲಿಫೋರ್ನಿಯಾದವರು ಗೆದ್ದರು.

ಅವರು ಜೇಡಿಮಣ್ಣಿನಲ್ಲಿ ಮಾಡಿದ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಇಂಗ್ಲೆಂಡಿನಲ್ಲಿ ಓಡುವ ಕಾರೊಂದನ್ನು ಕಟ್ಟಿಸಿದರು. 1985 ರಲ್ಲಿ ಅದನ್ನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಎಂಬ ಸಮುದ್ರತೀರದ ಊರಿಗೆ ತಂದು, ಹಾಡಹಗಲಲ್ಲಿ ಸಾರ್ವಜನಿಕ ಬೀದಿಗಳಲ್ಲಿ ಓಡಿಸಿ ನೋಡಿದರು. ಸಾಮಾನ್ಯವಾಗಿ ಕಾರ್ಖಾನೆಯವರು ಹೊಸ ರೂಪನ್ನು ಬೀಗಮುದ್ರೆಯೊಳಗೆ ಕಾಪಾಡುತ್ತಾರೆ; ಇವರು ನಡುಬೀದಿಗೇ ಬಿಟ್ಟರು. ಇತರ ಕಾರುಗಳವರು ಅದನ್ನು ಹಿಂಬಾಲಿಸತೊಡಗಿದರು. ನಿಲ್ಲಿಸಿದಲ್ಲಿ ಜನರು ಸುತ್ತುಗಟ್ಟಿ, ಇದು ಯಾವುದು, ಎಲ್ಲಿ ದೊರೆಯುತ್ತದೆ ಎಂದು ಕೇಳಿದರು. ಹಣವನ್ನು ಹೂಡಬೇಕೋ ಬೇಡವೋ ಎಂದು ಹಿಂದುಮುಂದು ನೋಡುತ್ತಿದ್ದ ಹಿರಿಯ ಅಧಿಕಾರಿಗಳಿಗೆ ಇದಕ್ಕಿಂತ ಬೇರೆ ಲೆಕ್ಕಪತ್ರವು ಬೇಕಾಗಲಿಲ್ಲ. 1986 ರ ಆರಂಭದಲ್ಲಿ ಕೆಲಸಕ್ಕೆ ಒಪ್ಪಿಗೆಯು ದೊರೆಯಿತು. ಕಾರಿನ ಅಭಿಮಾನಿಗಳ ಅಭಿಪ್ರಾಯಕ್ಕೆ ಬೆಲೆಯುಂಟೇ ಎಂದು ಕೇಳುವವರಿಗೆ ಸಾಂಟಾ ಬಾರ್ಬರಾದ ಬೀದಿಯನ್ನೇ ತೋರಿಸಬೇಕು.

1989 ರ ಫೆಬ್ರವರಿಯಲ್ಲಿ ಶಿಕಾಗೋ ನಗರದ ಪ್ರದರ್ಶನದಲ್ಲಿ ಕಾರು ಜನರ ಮುಂದೆ ಬಂದಿತು. ಅಮೆರಿಕೆಯಲ್ಲಿ ‘ಮಿಯಾಟಾ’, ಯೂರೋಪಿನಲ್ಲಿ ‘ಎಂ.ಎಕ್ಸ್.-5’, ಜಪಾನಿನಲ್ಲಿ ‘ಯೂನೋಸ್ ರೋಡ್‌ಸ್ಟರ್’ ಎಂದು ಹೆಸರುಗಳು. ಬೆಲೆ 13,800 ಡಾಲರು. ತೂಕವು ಸುಮಾರು 950 ಕಿಲೋಗ್ರಾಂ ಮಾತ್ರ. ಅಮೆರಿಕೆಯ ಕೆಲವು ವರ್ತಕರು ನಿಗದಿಯಾದ ಬೆಲೆಯ ಮೇಲೆ ಸಾವಿರಾರು ಡಾಲರುಗಳನ್ನು ಹೆಚ್ಚಾಗಿ ಕೇಳಿದರೂ ಕೊಳ್ಳುವವರು ಕಡಮೆಯಾಗಲಿಲ್ಲ. ಟೀಕೆಯೂ ಇಲ್ಲದಿರಲಿಲ್ಲ. ಇದು ಹಳೆಯ ಲೋಟಸ್ ಎಲಾನ್ ಕಾರಿನ ಪಡಿಯಚ್ಚು ಎಂದರು ಕೆಲವರು. ಎಣ್ಣೆ ಸೋರದ ಕಾರು ನಿಜವಾದ ಸ್ಪೋರ್ಟ್ಸ್ ಕಾರು ಹೇಗಾದೀತೆಂದು ಹಾಸ್ಯಮಾಡಿದರು ಮತ್ತೆ ಕೆಲವರು. ಇದು ಹೆಂಗಸರಿಗೆ ತಕ್ಕ ಕಾರೆಂದು ಮೂಗು ಮುರಿದ ಗಂಡಸರೂ ಇದ್ದರು. ಅವರಿಗಿಂತ ಚೆನ್ನಾಗಿ ಅದನ್ನು ಓಡಿಸಬಲ್ಲ ಹೆಂಗಸರು ಅಂದೂ ಇದ್ದರು, ಇಂದೂ ಇದ್ದಾರೆ.

ಈ ಕಾರಿನ ಮುಖದಲ್ಲಿ ಒಂದು ವಿಶೇಷವಿದ್ದಿತು. ಮೂತಿಯು ತಗ್ಗಾಗಿದ್ದುದರಿಂದಲೂ, ದೀಪಗಳು ನೆಲದಿಂದ ಇಂತಿಷ್ಟು ಎತ್ತರದಲ್ಲಿರಬೇಕೆಂದು ಅಮೆರಿಕೆಯ ಕಾಯಿದೆಯು ವಿಧಿಸಿದ್ದುದರಿಂದಲೂ, ದೀಪಗಳನ್ನು ಒಳಗೆ ಅಡಗಿಸಿಟ್ಟು ಕತ್ತಲಾದಾಗ ಮೇಲಕ್ಕೇಳುವಂತೆ ಮಾಡಿದ್ದರು. ಹಗಲಿನಲ್ಲಿ ಕಣ್ಣುಮುಚ್ಚಿ ಮಲಗಿದಂತೆ, ರಾತ್ರಿಯಲ್ಲಿ ಕಪ್ಪೆಯು ಕಣ್ಣರಳಿಸಿ ನೋಡಿದಂತೆ ಅದು ಕಾಣುತ್ತಿದ್ದಿತು. ಮಕ್ಕಳಿಗೆ ಇದು ಬಹಳ ಮೆಚ್ಚುಗೆ. ದೊಡ್ಡವರಿಗೂ ಅಷ್ಟೇ, ಆದರೆ ಅವರು ಬಾಯಿಬಿಟ್ಟು ಹೇಳುವುದಿಲ್ಲ.

1997 ರಲ್ಲಿ ಟೋಕಿಯೋ ಪ್ರದರ್ಶನದಲ್ಲಿ ಎರಡನೆಯ ರೂಪು ಬಂದಾಗ ಆ ರೆಪ್ಪೆಗಳು ಮಾಯವಾಗಿದ್ದವು. ದೀಪಗಳು ಸದಾ ತೆರೆದ ಕಣ್ಣುಗಳಂತೆ ಹೊರಗೇ ನಿಂತಿದ್ದವು. ಅಭಿಮಾನಿಗಳ ದುಃಖವು ಹೇಳತೀರದು. ಕಾರಿನ ಮುಖವನ್ನೇ ಕಿತ್ತುಹಾಕಿದರೆಂದು ಅವರ ದೂರು. ಇಲ್ಲೊಂದು ಸ್ವಾರಸ್ಯವಿದೆ. ದೀಪಗಳನ್ನು ಎತ್ತಿ ಇಳಿಸುವುದಕ್ಕೆ ಬೇಕಾದ ಸಣ್ಣ ಯಂತ್ರ, ಕೀಲು, ಮುಚ್ಚಳ ಇವೆಲ್ಲವೂ ತೂಕದ ವಸ್ತುಗಳು; ಅದೂ ಕಾರಿನ ತುದಿಮೂತಿಯಲ್ಲಿ, ತೂಕವು ಇರಲೇಬಾರದ ಸ್ಥಳದಲ್ಲಿ. ಅವನ್ನು ತೆಗೆದುದು ಹಗುರ ಮಾಡುವುದಕ್ಕಾಗಿ. ಕಾರು ಹಗುರವಾಗಿರಬೇಕೆಂದು ಹಗಲಿರುಳೂ ಜಪಿಸುವವರೇ, ಹಗುರಮಾಡಿದ ಕೆಲಸಕ್ಕಾಗಿ ಕಣ್ಣೀರಿಟ್ಟರು! ಆದರೆ ಇದರಿಂದ ಅವರನ್ನು ಬುದ್ಧಿಯಿಲ್ಲದವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರೀತಿಸಿದ ಮುಖವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ.

ಮೂರನೆಯ ರೂಪು 2005 ರಲ್ಲಿ ಜಿನೀವಾ ನಗರದಲ್ಲಿ ಪ್ರಕಟವಾಯಿತು. ಈ ಸಾರಿಯ ದೂರಿನಲ್ಲಿ ಹುರುಳು ಹೆಚ್ಚಾಗಿದ್ದಿತು. ಕಾರು ಅಗಲವಾಗಿ, ಮೈ ಬೆಳೆಸಿಕೊಂಡು ಬಂದಿದ್ದಿತು. ಜಪಾನಿನ ನಿಯಮದಂತೆ ಚಿಕ್ಕ ಕಾರೆನಿಸಿಕೊಳ್ಳಬೇಕಾದರೆ ಅಗಲವು 1700 ಮಿಲಿಮೀಟರನ್ನು ಮೀರಬಾರದು, ಇದರದು 1720. ಹುಟ್ಟಿದ ನಾಡಿನ ಕಾಯಿದೆಯ ಕಣ್ಣಿನಲ್ಲಿಯೇ ಅದು ಚಿಕ್ಕ ಕಾರಾಗಿ ಉಳಿಯಲಿಲ್ಲ. ಇದರ ಮುಖ್ಯ ಶಿಲ್ಪಿಯಾಗಿದ್ದ ತಾಕಾವೊ ಕಿಜಿಮಾ ಅವರು ತೂಕದ ವಿಷಯದಲ್ಲಿ ಅಲಕ್ಷ್ಯಮಾಡಿದವರಲ್ಲ. ಒಂದೊಂದು ಬಿಡಿಭಾಗದಿಂದಲೂ ಕೆಲವು ಗ್ರಾಂಗಳನ್ನಾದರೂ ಉಳಿಸಬೇಕೆಂದು ಹಟಹಿಡಿದು, ಹಿಂದಿನ ದಾರಿಯನ್ನು ತೋರಿಸುವ ಒಳಗನ್ನಡಿಯನ್ನು ಕೂಡ ಬಿಡದೆ ಹಗುರಮಾಡಿಸಿದರು. ಆದರೆ ಅಪಘಾತದಲ್ಲಿ ಒಳಗಿರುವವರನ್ನು ಕಾಪಾಡುವ ವ್ಯವಸ್ಥೆಗಳು, ದೊಡ್ಡ ಯಂತ್ರ, ದೊಡ್ಡ ಗಾಲಿಗಳು ಇವೆಲ್ಲ ಸೇರಿದಾಗ, ಕನ್ನಡಿಯಲ್ಲಿ ಉಳಿಸಿದುದು ಕಣ್ಣಿಗೆ ಕಾಣದೆ ಹೋಯಿತು. ಗೃಹಿಣಿಯು ಒಗ್ಗರಣೆಯ ಎಣ್ಣೆಯಲ್ಲಿ ಹನಿಹನಿಯಾಗಿ ಉಳಿಸಿದುದು ಒಂದು ಮದುವೆಯ ಖರ್ಚಿನಲ್ಲಿ ಕರಗಿದಂತೆ. ಕಾರಿನ ನಡತೆಯು ಚೆನ್ನಾಗಿಯೇ ಇದ್ದಿತೆಂದು ಓಡಿಸಿದವರು ಒಪ್ಪಿದರು. ಆದರೂ, ಹೀಗೆಯೇ ಬೆಳೆಯುತ್ತ ಹೋದರೆ ಇನ್ನೆರಡು ತಲೆಮಾರಿನಲ್ಲಿ ಇದು ಏನಾದೀತು ಎಂಬ ಭಯವು ಅಭಿಮಾನಿಗಳ ಮನಸ್ಸಿನಲ್ಲಿ ಹೊಕ್ಕಿತು.

ಆ ಭಯವು ವ್ಯರ್ಥವಾಗಲಿಲ್ಲವೆಂಬುದೇ ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ನಾಲ್ಕನೆಯ ರೂಪನ್ನು ನೊಬುಹಿರೊ ಯಾಮಾಮೊಟೊ ಎಂಬವರ ನೇತೃತ್ವದಲ್ಲಿ ಕಟ್ಟಿದರು. 2014 ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಮೈಹೊದಿಕೆಯಿಲ್ಲದ ಬರಿಯ ಎಲುಬುಗೂಡನ್ನು ಮಾತ್ರ ಪ್ರದರ್ಶನಕ್ಕಿಟ್ಟರು. ಅಂದವನ್ನು ಮರೆಯಲ್ಲಿಟ್ಟು ಅಸ್ಥಿಪಂಜರವನ್ನು ತೋರಿಸುವ ಧೈರ್ಯವು ಎಲ್ಲ ವರ್ತಕರಿಗೂ ಬರಲಾರದು. ಸೆಪ್ಟೆಂಬರಿನಲ್ಲಿ ಪೂರ್ಣರೂಪವು ಹೊರಬಿದ್ದಾಗ ಕಾರು ಹಿಂದಿನದಕ್ಕಿಂತ ಸುಮಾರು 100 ಕಿಲೋಗ್ರಾಂ ಹಗುರವಾಗಿದ್ದಿತು. ಜಪಾನಿನಲ್ಲಿ ಮಾರಿದ ಅತಿ ಹಗುರವಾದ ಬಗೆಯು 990 ಕಿಲೋಗ್ರಾಂ. ಉದ್ದವು 3915 ಮಿಲಿಮೀಟರು. ಇದು 1989 ರ ಕಾರಿಗಿಂತಲೂ ಗಿಡ್ಡ. ಮನುಷ್ಯರಾಗಲಿ ಕಾರುಗಳಾಗಲಿ ಮಧ್ಯವಯಸ್ಸಿನಲ್ಲಿ ಬೊಜ್ಜನ್ನು ಕಳೆದುಕೊಂಡುದನ್ನು ನಾವು ಎಷ್ಟು ಸಲ ಕಂಡಿದ್ದೇವೆ?

ಅಷ್ಟಾದರೂ ಮುಖದ ತಕರಾರು ಬಿಡಲಿಲ್ಲ. ಹೊಸ ಬಗೆಯ ಎಲ್.ಇ.ಡಿ. ದೀಪಗಳು ತೀರ ಚಿಕ್ಕವಾಗಿದ್ದುದರಿಂದ ಮೂತಿಯನ್ನು ಗಿಡ್ಡಮಾಡುವುದು ಸಾಧ್ಯವಾಗಿದ್ದಿತು. ಆದರೆ ಆ ಕಿರುಗಣ್ಣುಗಳಿಂದ ಕಾರು ಸಿಟ್ಟುಮಾಡಿಕೊಂಡಂತೆ ಕಾಣುತ್ತದೆ, ಮೊದಲಿನದರ ನಗುಮುಖವೆಲ್ಲಿ ಎಂದು ಅನೇಕರು ಗೊಣಗಿದರು. ದೈವಯೋಗದಿಂದ ಇದನ್ನು ಪರೀಕ್ಷಿಸುವ ಅವಕಾಶವೂ ಒದಗಿತು. ಇಟಲಿಯ ಫಿಯಟ್ ಸಂಸ್ಥೆಯವರು ಇದೇ ಎಲುಬುಗೂಡಿನ ಮೇಲೆ ತಮ್ಮದೇ ಮೈಹೊದಿಕೆಯನ್ನು ತೊಡಿಸಿ, ತಮ್ಮದೇ ಯಂತ್ರವನ್ನಿಟ್ಟು, 1960 ರ ದಶಕದ ತಮ್ಮ ಹಳೆಯ ಕಾರನ್ನು ನೆನಪಿಗೆ ತರುವ ‘124 ಸ್ಪೈಡರ್’ ಎಂಬುದನ್ನು 2015 ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ತೋರಿಸಿದರು. ಅದೂ ಹಿರೋಷಿಮಾದಲ್ಲಿಯೇ ತಯಾರಾಯಿತು. ದುಂಡು ಕಣ್ಣಿನ ಮುಖವು ಬೇಕೆಂದವರಿಗೆ ಅದು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಫಿಯಟ್ಟಿನ ಕಾರು ನಿಂತುಹೋಯಿತು. ಸಿಟ್ಟಿನ ಮುಖದ್ದು ಉಳಿಯಿತು. 2016 ರಲ್ಲಿ ಅದಕ್ಕೆ ಜಗತ್ತಿನ ವರ್ಷದ ಕಾರೆಂಬ ಪ್ರಶಸ್ತಿಯೂ, ರೂಪಕ್ಕಾಗಿ ಕೊಡುವ ಪ್ರಶಸ್ತಿಯೂ ಒಟ್ಟಿಗೆ ಬಂದವು. ಅದೇ ವರ್ಷದ ಏಪ್ರಿಲಿನಲ್ಲಿ, ನಾಲ್ಕು ರೂಪುಗಳೂ ಸೇರಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂದಿತು.

ಇನ್ನು, ಈ ಬರಹಕ್ಕೆ ಕಾರಣವಾದ ಹೊಸ ಮಾದರಿಯ ವಿಚಾರ. 2023 ರ ಅಕ್ಟೋಬರಿನಲ್ಲಿ ಟೋಕಿಯೋ ಪ್ರದರ್ಶನದಲ್ಲಿ ಮಾಜ್ದಾದವರು ‘ಐಕಾನಿಕ್ ಎಸ್.ಪಿ.’ ಎಂಬ ಕೆಂಪು ಬಣ್ಣದ ಚಿಕ್ಕ ಸ್ಪೋರ್ಟ್ಸ್ ಕಾರಿನ ಕಲ್ಪನಾಮಾದರಿಯನ್ನು ಇಟ್ಟರು. ಕಲ್ಪನಾಮಾದರಿ ಎಂದರೆ ಮಾರಾಟದ ಸರಕಲ್ಲ. ಮುಂದೆ ಹೀಗೆ ಮಾಡಬಹುದೆಂದು ಜನರ ಮನಸ್ಸನ್ನು ತೂಗಿನೋಡುವ ಉಪಾಯ. ಅದರ ರೂಪನ್ನು ಕಂಡವರು ಬಹುಮಟ್ಟಿಗೆ ಮರುಳಾದರು. ಇಷ್ಟು ನುಣುಪಾದ ಮೈಯನ್ನು ಬಹುಕಾಲದಿಂದ ಕಂಡಿರಲಿಲ್ಲವೆಂದರು. ಅದರಲ್ಲಿಯೂ, ಮೂತಿಯ ಮೇಲಿನ ಮುಚ್ಚಳಗಳು ಎದ್ದು ಅವುಗಳ ಅಡಿಯಿಂದ ದೀಪಗಳು ಹೊರಗಿಣುಕಿದಾಗ, 1997 ರಿಂದಲೂ ದುಃಖವನ್ನು ಹೊತ್ತಿದ್ದವರ ಸಂತೋಷವನ್ನು ಕೇಳಬೇಕೆ?

ಹೊಗಳಿಕೆಯು ಮುಗಿಯುವ ಮೊದಲೇ ಅಂಕಿಗಳನ್ನು ಓದತಕ್ಕವರು ಮಾತೆತ್ತಿದರು. ಉದ್ದ 4180, ಅಗಲ 1850 ಮಿಲಿಮೀಟರು. ತೂಕ 1450 ಕಿಲೋಗ್ರಾಂ. ಶಕ್ತಿ 370 ಕುದುರೆಗಳದು. ಮೊದಲ ಕಾರಿಗಿಂತ ಸರಿಸುಮಾರು ಅರ್ಧದಷ್ಟು ಹೆಚ್ಚಿನ ತೂಕ! ಕಾರಣವೂ ಸ್ಪಷ್ಟವಾಗಿಯೇ ಇದೆ. ಇದರ ಗಾಲಿಗಳನ್ನು ತಿರುಗಿಸುವುದು ವಿದ್ಯುಚ್ಛಕ್ತಿ. ಆ ಶಕ್ತಿಯನ್ನು ಕೂಡಿಡುವ ಬ್ಯಾಟರಿಗೆ ಭಾರವುಂಟು. ಬ್ಯಾಟರಿಗೆ ಶಕ್ತಿಯನ್ನು ತುಂಬಲು, ಮಾಜ್ದಾದವರ ಕುಲದೇವತೆಯಂತಿರುವ ರೋಟರಿ ಯಂತ್ರವೂ ಒಳಗುಂಟು. ಪೆಟ್ರೋಲಿನ ಹೊಗೆಯನ್ನು ತಗ್ಗಿಸಬೇಕೆಂಬ ಕಾಯಿದೆಗಳು ದೇಶದೇಶಗಳಲ್ಲಿ ಬಿಗಿಯಾಗುತ್ತಿರುವಾಗ ಕಾರ್ಖಾನೆಯವರು ಸುಮ್ಮನೆ ಕುಳಿತಿರುವಂತಿಲ್ಲ.

ಹೀಗೆ ಅಭಿಮಾನಿಗಳಲ್ಲಿ ಎರಡು ಪಂಗಡಗಳಾದವು. ಇದು ಎಂ.ಎಕ್ಸ್.-5 ರ ಮುಂದಿನ ರೂಪೆಂದು ತಿಳಿದವರು ತೂಕವನ್ನು ಕಂಡು ಹೌಹಾರಿದರು. ಇದು 2002 ರಲ್ಲಿ ನಿಂತುಹೋದ ಆರ್.ಎಕ್ಸ್.-7 ಎಂಬ ದೊಡ್ಡಣ್ಣನ ಮರುಹುಟ್ಟೆಂದು ತಿಳಿದವರು, ಇಷ್ಟು ಶಕ್ತಿಗೆ ಈ ತೂಕವು ಏನೂ ಅಲ್ಲವೆಂದರು. ಒಂದೇ ಕೂಸನ್ನು ಕಂಡು ತಂದೆಯ ಕಡೆಯವರು ನಮ್ಮ ಮೂಗೆಂದೂ, ತಾಯಿಯ ಕಡೆಯವರು ನಮ್ಮ ಕಣ್ಣೆಂದೂ ವಾದಿಸುವಂತಾಯಿತು. ನನ್ನ ಅಭಿಪ್ರಾಯವನ್ನು ಕೇಳಿದರೆ, ಹೌಹಾರಿದವರ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಚಂದದ ಕಾರುಗಳನ್ನು ಮಾಡಬಲ್ಲವರು ಇಟಲಿಯಲ್ಲಿದ್ದಾರೆ, ಜರ್ಮನಿಯಲ್ಲಿದ್ದಾರೆ. ಸಾಮಾನ್ಯ ಸಂಬಳದವನೊಬ್ಬನು ಕೂಡಿಟ್ಟ ಹಣದಲ್ಲಿ ಕೊಂಡು, ಭಾನುವಾರದ ಬೆಳಗ್ಗೆ ಬೆಟ್ಟದ ದಾರಿಯಲ್ಲಿ ಓಡಿಸಿಕೊಂಡು ಬರತಕ್ಕ ಹಗುರವಾದ ಕಾರನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಿಡದೆ ಕಟ್ಟಿದವರು ಹಿರೋಷಿಮಾದವರೇ.

ಮಾಜ್ದಾದವರು 2024 ರ ಫೆಬ್ರವರಿಯಿಂದ ರೋಟರಿ ಯಂತ್ರದ ಅಭಿವೃದ್ಧಿಗಾಗಿ ಮತ್ತೆ ಪ್ರತ್ಯೇಕ ತಂಡವೊಂದನ್ನು ಏರ್ಪಡಿಸಿದರು. ಇದನ್ನು ಕೇಳಿ ಒಂದು ಪಂಗಡದವರು ಹಿಗ್ಗಿದರು. ಮತ್ತೊಂದು ಪಂಗಡದವರು ಹಳೆಯ ಕಾರಿನ ಮುಸುಕನ್ನು ಮಡಚಿ, ದೀಪದ ರೆಪ್ಪೆಗಳನ್ನು ಒಮ್ಮೆ ಎಬ್ಬಿಸಿ ಇಳಿಸಿ ನೋಡಿ, ಎಂದಿನಂತೆ ಬೆಟ್ಟದ ದಾರಿಯನ್ನು ಹಿಡಿದರು.